ಐಆರ್‌ಕ್ಯೂಬ್ಯಾಲೆನ್ಸ್: ಯಾವ ಯಂತ್ರದಲ್ಲಿ ಇಟ್ಟುಕೊಳ್ಳಬೇಕು, ಯಾವುದರಿಂದ ತೆಗೆದುಹಾಕಬೇಕು

ಐಆರ್‌ಕ್ಯೂಬ್ಯಾಲೆನ್ಸ್ ಎಂಬುದು ಲಿನಕ್ಸ್‌ನ ಒಂದು ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ಸಾಧನಗಳು ಪ್ರೊಸೆಸರನ್ನು ಕರೆಯುವ ಇಂಟರಪ್ಟ್ ಎಂಬ ಸಂಕೇತಗಳನ್ನು ಯಾವ ಕೋರ್ ನೋಡಿಕೊಳ್ಳಬೇಕು ಎಂದು ಅದು ತೀರ್ಮಾನಿಸುತ್ತದೆ. ಸರ್ವರ್‌ನಲ್ಲಿ ಒಂದೇ ಕೋರ್ ಏದುಸಿರು ಬಿಡುತ್ತಾ ಉಳಿದವೆಲ್ಲ ಸುಮ್ಮನೆ ಕೂತಿದ್ದರೆ ಎರಡು ಬಗೆಯ ಸಲಹೆ ಸಿಗುತ್ತದೆ. ಐಆರ್‌ಕ್ಯೂಬ್ಯಾಲೆನ್ಸ್ ಓಡುತ್ತಿದೆಯೇ ನೋಡಿ ಅನ್ನುವುದು ಒಂದು. ಮೊದಲು ಆ ಐಆರ್‌ಕ್ಯೂಬ್ಯಾಲೆನ್ಸನ್ನು ನಿಲ್ಲಿಸಿ ಅನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ, ಯಾಕೆಂದರೆ ಎರಡೂ ಬೇರೆ ಬೇರೆ ಯಂತ್ರಗಳ ಬಗ್ಗೆ ಹೇಳಿದ ಮಾತು. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಎರಡು ಸಾಕೆಟ್ಟಿನ (ಎರಡು ಪ್ರೊಸೆಸರ್ ಚಿಪ್ ಇರುವ), ಹತ್ತಾರು ಬಗೆಯ ಕೆಲಸ ಬೆರೆತ ಸಾಮಾನ್ಯ ಸರ್ವರ್‌ನಲ್ಲಿ ಈ ಡೀಮನ್ ಇರಲಿ. ಪ್ಯಾಕೆಟ್ ಸಾಗಿಸುವುದೇ ಕೆಲಸವಾಗಿರುವ ಅಥವಾ ವಿಳಂಬವನ್ನು ಮೈಕ್ರೋಸೆಕೆಂಡಿನಲ್ಲಿ ಅಳೆಯುವ ಯಂತ್ರದಲ್ಲಿ ಬೇಡ. ಲ್ಯಾಪ್‌ಟಾಪ್‌ನಲ್ಲಿ ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಾಣದು. ಉಬುಂಟು 24.04ರಿಂದ ಇದನ್ನು ತಾನಾಗಿ ಇನ್‌ಸ್ಟಾಲ್ ಮಾಡುವುದನ್ನೇ ಬಿಟ್ಟಿತು, ರೆಡ್ ಹ್ಯಾಟ್ ಕಡೆಯವರು ಇಟ್ಟುಕೊಂಡಿದ್ದಾರೆ. ಎರಡೂ ನಿರ್ಧಾರ ಅವರವರ ಬಳಕೆದಾರರಿಗೆ ಸರಿಯೇ.

ಈ ಡೀಮನ್ ಇಂಟರಪ್ಟನ್ನು ಎಲ್ಲಿಗೂ ಕಳಿಸುವುದಿಲ್ಲ. ಕಳಿಸುವುದು ಕರ್ನಲ್ ಮತ್ತು ಹಾರ್ಡ್‌ವೇರ್. ಈಗಿನ ಪಿಸಿಐ ಎಕ್ಸ್‌ಪ್ರೆಸ್ ಸಾಧನಗಳಿಗೆ ಇಂಟರಪ್ಟಿಗೆಂದು ಪ್ರತ್ಯೇಕ ತಂತಿ ಇಲ್ಲ. ಎಂಎಸ್‌ಐ-ಎಕ್ಸ್ ಎಂಬ ಪದ್ಧತಿಯ ಪ್ರಕಾರ ಸಾಧನವೇ ಒಂದು ನಿಗದಿತ ಮೆಮೊರಿ ವಿಳಾಸಕ್ಕೆ ಒಂದು ಸಂಖ್ಯೆ ಬರೆಯುತ್ತದೆ. ಎಕ್ಸ್86ರಲ್ಲಿ (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್‌ಗಳಲ್ಲಿ) ಯಾವ ಕೋರ್ ಅನ್ನುವುದು ಆ ವಿಳಾಸದಲ್ಲಿರುತ್ತದೆ, ಯಾವ ವೆಕ್ಟರ್ (ಆ ಕೋರಿನಲ್ಲಿ ಇಂಟರಪ್ಟಿನ ಗುರುತು) ಅನ್ನುವುದು ಆ ಸಂಖ್ಯೆಯಲ್ಲಿ. ಆ ಕೋರಿನಲ್ಲಿ ಇಂಟರಪ್ಟ್ ಸ್ವೀಕರಿಸುವ ಭಾಗವಾದ ಲೋಕಲ್ ಎಪಿಕ್ ಅದನ್ನು ಹಿಡಿಯುತ್ತದೆ. ಕರ್ನಲ್ ತನ್ನ ಪ್ರತಿ ಕೋರಿನ ವೆಕ್ಟರ್ ಪಟ್ಟಿಯಲ್ಲಿ ಇಂಟರಪ್ಟಿನ ವಿವರ ಹುಡುಕಿ ಡ್ರೈವರಿನ ಹ್ಯಾಂಡ್ಲರನ್ನು ಕರೆಯುತ್ತದೆ. ಇದಕ್ಕಿಂತ ಹಳೆಯ ಎಂಎಸ್‌ಐನಲ್ಲಿ ಒಂದು ಸಾಧನಕ್ಕೆ 32 ವೆಕ್ಟರ್ ಮಿತಿ, ಎಂಎಸ್‌ಐ-ಎಕ್ಸ್‌ನಲ್ಲಿ 2048. ನೆಟ್‌ವರ್ಕ್ ಕಾರ್ಡ್ ಒಂದೊಂದು ಕ್ಯೂಗೂ (ಪ್ಯಾಕೆಟ್‌ಗಳ ಸರದಿಗೂ) ಒಂದೊಂದು ವೆಕ್ಟರ್ ಇಟ್ಟುಕೊಳ್ಳಲು ಸಾಧ್ಯವಾಗಿದ್ದು ಹೀಗೆ. ಐಆರ್‌ಕ್ಯೂಬ್ಯಾಲೆನ್ಸ್ ಮಾಡುವುದು ಇಷ್ಟೇ: /ಪ್ರೋಕ್/ಐಆರ್‌ಕ್ಯೂ ಡೈರೆಕ್ಟರಿಯಲ್ಲಿ ಆಯಾ ಇಂಟರಪ್ಟ್ ಸಂಖ್ಯೆಯ ಕೆಳಗಿರುವ ಎಸ್‌ಎಂಪಿ ಅಫಿನಿಟಿ ಫೈಲಿಗೆ ಒಂದು ಮಾಸ್ಕ್, ಅಂದರೆ ಯಾವ ಕೋರ್‌ಗಳು ಆಗಬಹುದು ಎಂದು ಹೇಳುವ ಸಂಖ್ಯೆ, ಬರೆಯುತ್ತದೆ. ಅದನ್ನು ಓದಿ ಸಾಧನದ ವಿಳಾಸ ಬದಲಿಸುವುದು ಕರ್ನಲ್. ಅದೇ ಮಾಸ್ಕನ್ನು ನೀವು ಎಕೋ ಆಜ್ಞೆಯಿಂದ ಬರೆದರೂ ಆಗುವುದು ಇದೇ.

ಡೀಮನ್‌ನಿಂದ ಸಿಗುವ ಪ್ರಯೋಜನ ಇರುವುದು ಅದರ ಲೆಕ್ಕಾಚಾರದಲ್ಲಿ. ಪೂರ್ವನಿಗದಿಯಂತೆ 10 ಸೆಕೆಂಡಿಗೊಮ್ಮೆ ಎದ್ದು /ಪ್ರೋಕ್/ಇಂಟರಪ್ಟ್ಸ್ ಮತ್ತು /ಪ್ರೋಕ್/ಸ್ಟ್ಯಾಟ್ ಓದುತ್ತದೆ. ಯಂತ್ರವನ್ನು ನ್ಯೂಮಾ ನೋಡ್ (ತನಗೆ ಹತ್ತಿರದ ಮೆಮೊರಿ ಇರುವ ಕೋರ್‌ಗಳ ಗುಂಪು), ಪ್ಯಾಕೇಜ್ (ಒಂದು ಪ್ರೊಸೆಸರ್ ಚಿಪ್), ಕ್ಯಾಶ್ ಡೊಮೇನ್ (ಒಂದೇ ಕ್ಯಾಶ್ ಹಂಚಿಕೊಳ್ಳುವ ಕೋರ್‌ಗಳು), ಕೋರ್ ಎಂದು ಮರದಂತೆ ಜೋಡಿಸಿಕೊಂಡಿರುತ್ತದೆ. ಸಾಧನದ ಬಗೆಯನ್ನು ನೋಡಿ ಯಾವ ಮಟ್ಟದವರೆಗೆ ಇಳಿಸಬೇಕು ಎಂದು ತೀರ್ಮಾನಿಸುತ್ತದೆ: ನೆಟ್‌ವರ್ಕಿಗೆ ಒಂದೇ ಕೋರಿನ ಮಟ್ಟ, ಸ್ಟೋರೇಜಿಗೆ ಕ್ಯಾಶ್ ಡೊಮೇನ್ ಮಟ್ಟ, ಗುರುತು ಸಿಗದ ಸಾಧನಗಳಿಗೆ ಪ್ಯಾಕೇಜ್ ಮಟ್ಟ. ಇದು ಒಳ್ಳೆಯ ವಿನ್ಯಾಸ. ಕಾರ್ಡ್ ಕೂತಿರುವ ನೋಡಿನಲ್ಲೇ ಅದರ ಇಂಟರಪ್ಟ್ ಇರುವಂತೆ ನೋಡಿಕೊಳ್ಳುವುದೇ ಎರಡು ಸಾಕೆಟ್ಟಿನ ಯಂತ್ರದಲ್ಲಿ ದೊಡ್ಡ ಲಾಭ. ಬಯೋಸ್ ತಪ್ಪಾಗಿದ್ದು ಸಾಧನದ ನ್ಯೂಮಾ ನೋಡ್ ಫೈಲಿನಲ್ಲಿ -1 ಇದ್ದರೆ ಮಾತ್ರ ಈ ಜಾಣತನವೆಲ್ಲ ವ್ಯರ್ಥ. ಹತ್ತಿರ ಯಾವುದು ದೂರ ಯಾವುದು ಎಂದು ಡೀಮನ್‌ಗೆ ತಿಳಿಯುವುದೇ ಇಲ್ಲ. ಇನ್‌ಸ್ಟಾಲ್ ಮಾಡುವ ಮುಂಚೆ ಆ ಫೈಲನ್ನು ಒಮ್ಮೆ ಓದಿ.

ಕೊರತೆ ಇರುವುದು ಹೊರೆಯನ್ನು ಅಳೆಯುವ ರೀತಿಯಲ್ಲಿ. ಒಂದು ಕೋರ್ ಹಾರ್ಡ್ ಇಂಟರಪ್ಟ್ ಮತ್ತು ಸಾಫ್ಟ್ ಇಂಟರಪ್ಟ್‌ನಲ್ಲಿ (ಹಾರ್ಡ್ ಇಂಟರಪ್ಟಿನ ಬೆನ್ನಿಗೆ ಕರ್ನಲ್ ಮಾಡುವ ಉಳಿದ ಕೆಲಸದಲ್ಲಿ) ಕಳೆದ ಒಟ್ಟು ಸಮಯವನ್ನು ತೆಗೆದುಕೊಂಡು, ಆ ಕೋರಿನ ಇಂಟರಪ್ಟ್‌ಗಳಿಗೆ ಎಣಿಕೆಯ ಪ್ರಮಾಣದಲ್ಲಿ ಹಂಚುತ್ತದೆ. ಆದರೆ ಎಲ್ಲ ಇಂಟರಪ್ಟಿನ ಕೆಲಸವೂ ಒಂದೇ ಅಳತೆಯದ್ದಲ್ಲ. ಪ್ಯಾಕೆಟ್‌ಗಳನ್ನು ಗುಂಪಾಗಿ ತೆಗೆದುಕೊಳ್ಳುವ ನ್ಯಾಪಿ ಎಂಬ ವ್ಯವಸ್ಥೆ ಕರ್ನಲ್‌ಗೆ ಬಂದ ಮೇಲೆ ನೆಟ್‌ವರ್ಕ್ ಕಾರ್ಡಿನ ಒಂದು ಇಂಟರಪ್ಟ್ ಬೆನ್ನಿಗೆ ನೂರಾರು ಪ್ಯಾಕೆಟ್ ಬರಬಹುದು. ಕಾರ್ಡಿಗೆ ಕೆಲಸ ಹೆಚ್ಚಿದಷ್ಟೂ ಇಂಟರಪ್ಟಿನ ಎಣಿಕೆ ಇಳಿಯುತ್ತದೆ, ಪ್ಯಾಕೆಟ್ ಇದೆಯೇ ಎಂದು ಕರ್ನಲ್ ತಾನೇ ಹೋಗಿ ನೋಡುವ ಪೋಲಿಂಗ್ ಹೆಚ್ಚುತ್ತದೆ. ಪಕ್ಕದಲ್ಲೇ ಮೇಲಿಂದ ಮೇಲೆ ಕೂಗುವ ಸಣ್ಣ ಸಾಧನವೊಂದಿದ್ದರೆ ಹೊರೆಯೆಲ್ಲ ಅದರದ್ದೆಂದು ಲೆಕ್ಕವಾಗುತ್ತದೆ. ಆಮೇಲೆ ಅದನ್ನೇ ಬೇರೆಡೆಗೆ ಒಯ್ಯುತ್ತದೆ, ನಿಜವಾದ ಹೊರೆ ಇದ್ದಲ್ಲೇ ಉಳಿಯುತ್ತದೆ.

ಒಂದು ಕೋರಿನಲ್ಲಿ ಒಂದೇ ಇಂಟರಪ್ಟ್ ಇದ್ದರೆ ಅದೆಷ್ಟೇ ಭಾರವಾಗಿದ್ದರೂ ಡೀಮನ್ ಅದನ್ನು ಮುಟ್ಟುವುದಿಲ್ಲ, ಅದು ಸರಿಯೂ ಹೌದು. ಎಲ್ಲಿಗೆ ಒಯ್ದರೂ ಅಷ್ಟೇ ಭಾರ. ಒಂದೇ ಕ್ಯೂ ಇರುವ ಕಾರ್ಡಿಗೆ ಇದನ್ನು ಹಾಕಿ ವೇಗ ಹೆಚ್ಚಲಿಲ್ಲ ಎಂದು ದೂರುವವರು ಗಮನಿಸಬೇಕಾದದ್ದು ಇದನ್ನೇ. ಅಲ್ಲಿ ಬೇಕಾದದ್ದು ಆರ್‌ಪಿಎಸ್, ಅಂದರೆ ಇಂಟರಪ್ಟ್ ಬಂದ ಮೇಲೆ ಪ್ಯಾಕೆಟ್ ಕೆಲಸವನ್ನು ಸಾಫ್ಟ್‌ವೇರ್‌ನಲ್ಲೇ ಬೇರೆ ಕೋರ್‌ಗಳಿಗೆ ಹಂಚುವ ವ್ಯವಸ್ಥೆ. ಅದು ಕರ್ನಲ್‌ನಲ್ಲೇ ಇದೆ.

ಡೀಮನ್‌ಗೆ ಅಧಿಕಾರವೇ ಇಲ್ಲದ ಇಂಟರಪ್ಟ್‌ಗಳೂ ಇವೆ, ವರ್ಷ ಕಳೆದಂತೆ ಅವು ಹೆಚ್ಚುತ್ತಿವೆ. /ಪ್ರೋಕ್/ಇಂಟರಪ್ಟ್ಸ್‌ನಲ್ಲಿ ಸಂಖ್ಯೆಯ ಬದಲು ಅಕ್ಷರಗಳಿಂದ ಶುರುವಾಗುವ ಸಾಲುಗಳು, ಉದಾಹರಣೆಗೆ ಎಲ್‌ಒಸಿ ಎಂಬ ಲೋಕಲ್ ಟೈಮರ್, ಆಯಾ ಕೋರಿನ ಸ್ವಂತದ್ದು, ಹಂಚುವ ಪ್ರಶ್ನೆಯೇ ಇಲ್ಲ. ಎನ್‌ವಿಎಂಇ ಡಿಸ್ಕಿನದ್ದು ಇನ್ನೊಂದು ಕಥೆ. 2016ರ 4.8 ಕರ್ನಲ್‌ನಿಂದ ಮ್ಯಾನೇಜ್ಡ್ ಅಫಿನಿಟಿ ಬಂತು. ಡ್ರೈವರ್ ಕೇಳಿದರೆ ಕರ್ನಲ್ ತಾನೇ ಕ್ಯೂಗಳನ್ನು ಕೋರ್‌ಗಳ ಮೇಲೆ ಹರಡಿ ಬೀಗ ಹಾಕುತ್ತದೆ. ಆಮೇಲೆ ಬಳಕೆದಾರ ಬರೆಯಲು ಹೋದರೆ ಇನ್‌ಪುಟ್-ಔಟ್‌ಪುಟ್ ಎರರ್ ಬರುತ್ತದೆ, ಇತ್ತೀಚಿನ ಕರ್ನಲ್‌ಗಳಲ್ಲಿ ಅನುಮತಿ ಇಲ್ಲ ಅನ್ನುವ ಎರರ್. ಡೀಮನ್ ತನ್ನ ಲಾಗ್‌ನಲ್ಲಿ ಇಂಥ ನಂಬರಿನ ಅಫಿನಿಟಿ ಬದಲಿಸಲಾಗಲಿಲ್ಲ, ಇನ್ನು ಅದನ್ನು ನಿರ್ವಹಿಸುವುದಿಲ್ಲ ಎಂದು ಸಾಲುಸಾಲಾಗಿ ಬರೆಯುವುದು ಇದೇ ಕಾರಣಕ್ಕೆ. ಡಿಸ್ಕ್ ಕೆಟ್ಟಿದೆ ಎಂದು ಗಾಬರಿಪಡುವವರಿದ್ದಾರೆ. ಡಿಸ್ಕಿಗೇನೂ ಆಗಿಲ್ಲ. ನಿಯಂತ್ರಣದ ಆಜ್ಞೆಗಳಿಗೆಂದಿರುವ ಎನ್‌ವಿಎಂಇಯ ಅಡ್ಮಿನ್ ಕ್ಯೂ ಮಾತ್ರ ಈ ಬೀಗದ ಹೊರಗಿರುತ್ತದೆ, ಅದನ್ನು ಸರಿಸಬಹುದು, ಸರಿಸಿ ಆಗಬೇಕಾದ್ದು ಏನೂ ಇಲ್ಲ.

ಹೀಗಾಗಿ ಎಲ್ಲ ಡಿಸ್ಕೂ ಎನ್‌ವಿಎಂಇ ಆಗಿರುವ ಯಂತ್ರದಲ್ಲಿ ಡೀಮನ್‌ಗೆ ಮುಖ್ಯವಾಗಿ ಉಳಿಯುವುದು ನೆಟ್‌ವರ್ಕ್ ಕಾರ್ಡ್. ಅಲ್ಲೇ ಜಗಳ ಶುರುವಾಗುವುದು.

ಗಲಾಟೆ ಇಲ್ಲದ ಬಳಕೆಗೆ ಪೂರ್ವನಿಗದಿ ಸಾಕು. ಕೈಯಾರೆ ಪಿನ್ ಮಾಡಿದವರಿಗೆ, ಅಂದರೆ ಇಂಟರಪ್ಟನ್ನು ಒಂದು ಕೋರಿಗೆ ಕಟ್ಟಿದವರಿಗೆ, ಸಾಕಾಗುವುದಿಲ್ಲ. ನೀವು ಕೋರ್ 4ಕ್ಕೆ ಕಟ್ಟಿದ ಇಂಟರಪ್ಟನ್ನು ಡೀಮನ್ ಮುಂದೊಂದು ಸುತ್ತಿನಲ್ಲಿ ಬೇರೆಡೆಗೆ ಒಯ್ಯಬಹುದು. ಯಾರು ಬರೆದದ್ದು ಎಂದು ಅದು ಕೇಳುವುದಿಲ್ಲ. ಹಾಗೆ ಒಯ್ದಾಗ ಯಾವ ಕೋರ್ ಯಾವ ಕ್ಯೂನಿಂದ ಪ್ಯಾಕೆಟ್ ಕಳಿಸಬೇಕು ಎಂದು ನಿಗದಿ ಮಾಡುವ ಎಕ್ಸ್‌ಪಿಎಸ್ ಜೊತೆಗಿನ ಹೊಂದಾಣಿಕೆ ಮುರಿಯುತ್ತದೆ: ಕಳಿಸುವ ಕ್ಯೂ ಒಂದು ಕೋರಿನಲ್ಲಿ, ಅದು ಮುಗಿಯಿತೆಂಬ ಇಂಟರಪ್ಟ್ ಇನ್ನೊಂದರಲ್ಲಿ. ಹೊಸ ಕೋರಿನ ಕ್ಯಾಶಿನಲ್ಲಿ ಬೇಕಾದ್ದು ಏನೂ ಇರುವುದಿಲ್ಲ. ಸರಾಸರಿಯಲ್ಲಿ ಇದು ಕಾಣುವುದಿಲ್ಲ, ಆದರೆ ವಿಳಂಬದ ಗ್ರಾಫಿನಲ್ಲಿ 10 ಸೆಕೆಂಡಿನ ಅಂತರದಲ್ಲಿ ಮುಳ್ಳುಗಳು ಎದ್ದಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ವರ್ಚುವಲ್ ಮೆಷಿನ್‌ನಲ್ಲೂ ಇದೇ ತೊಡಕು. ಕ್ಯೂಗಳ ಸಂಖ್ಯೆ ಕೋರ್‌ಗಳಷ್ಟೇ ಇದ್ದಾಗ ವರ್ಚುವಲ್ ಕಾರ್ಡ್‌ಗಳಿಗಿರುವ ವರ್ಟಿಯೋ ನೆಟ್‌ವರ್ಕ್ ಡ್ರೈವರ್ ತಾನೇ ಒಂದಕ್ಕೊಂದು ಜೋಡಿಸಿಕೊಂಡಿರುತ್ತದೆ. ಆ ಜೋಡಣೆಯನ್ನು ಕದಡುವುದರಿಂದ ಗಿಟ್ಟುವುದು ಕಡಿಮೆ. ಡೀಮನ್ ನೋಡುವ ಕೋರ್ ಕೂಡ ಅಲ್ಲಿ ನಿಜವಾದ ಕೋರಲ್ಲ.

ಹಾಗಾದರೆ ಪೂರ್ತಿ ತೆಗೆಯಬೇಕೇ? ಬೇಕಿಲ್ಲ, ಕೆಲವನ್ನು ಮಾತ್ರ ಬಿಡು ಎಂದು ಹೇಳುವ ದಾರಿಗಳಿವೆ. ಬ್ಯಾನ್‌ಐಆರ್‌ಕ್ಯೂ ಆಯ್ಕೆಗೆ ಇಂಟರಪ್ಟ್ ಸಂಖ್ಯೆ ಕೊಡಬೇಕು. ಇದನ್ನು ನಾವು ಶಿಫಾರಸು ಮಾಡುವುದಿಲ್ಲ, ಯಾಕೆಂದರೆ ಮುಂದಿನ ಬೂಟ್‌ನಲ್ಲಿ ಆ ಸಂಖ್ಯೆ ಬೇರೆ ಸಾಧನದ್ದಾಗಿರಬಹುದು. ಬ್ಯಾನ್‌ಮಾಡ್ ಆಯ್ಕೆಗೆ ಡ್ರೈವರ್ ಹೆಸರು ಕೊಟ್ಟರೆ ಸಾಕು, ಅದು ಹೆಚ್ಚು ಗಟ್ಟಿ. ಎಲ್ಲಕ್ಕಿಂತ ಒಳ್ಳೆಯದು ಪಾಲಿಸಿ ಸ್ಕ್ರಿಪ್ಟ್. ಹೊಸ ಇಂಟರಪ್ಟ್ ಕಂಡಾಗ ಡೀಮನ್ ಸಾಧನದ ಸಿಸ್‌ಎಫ್‌ಎಸ್ (ಕರ್ನಲ್ ಸಾಧನಗಳ ವಿವರ ತೋರಿಸುವ ಫೈಲ್ ವ್ಯವಸ್ಥೆ) ದಾರಿಯನ್ನೂ ಸಂಖ್ಯೆಯನ್ನೂ ನಿಮ್ಮ ಸ್ಕ್ರಿಪ್ಟಿಗೆ ಕೊಡುತ್ತದೆ. ನಿಷೇಧಿಸಬೇಕೇ, ಯಾವ ಮಟ್ಟದಲ್ಲಿ ಹಂಚಬೇಕು, ಯಾವ ನ್ಯೂಮಾ ನೋಡ್ ಎಂದು ಸ್ಕ್ರಿಪ್ಟ್ ಒಂದೊಂದು ಸಾಲಿನಲ್ಲಿ ಮುದ್ರಿಸಬೇಕು. ಮೇಲೆ ಹೇಳಿದ -1 ನೋಡಿನ ಸಮಸ್ಯೆಗೂ ಇಲ್ಲೇ ಮದ್ದಿದೆ.

ಕೋರ್‌ಗಳನ್ನೇ ದೂರ ಇಡುವ ವಿಷಯದಲ್ಲಿ ಒಂದು ಬಲೆ ಇದೆ. ನೀವೇನೂ ಹೇಳದಿದ್ದರೆ, ಬೂಟ್ ಸಾಲಿನ ಐಸೋಲ್‌ಸಿಪಿಯೂಸ್ ಮತ್ತು ನೋಹರ್ಟ್ಜ್ ಫುಲ್ (ಕೆಲವು ಕೋರ್‌ಗಳನ್ನು ಸಾಮಾನ್ಯ ಕೆಲಸದ ಗದ್ದಲದಿಂದ ದೂರ ಇಡುವ ಆಯ್ಕೆಗಳು) ಪಟ್ಟಿಯಲ್ಲಿರುವ ಕೋರ್‌ಗಳನ್ನು ಡೀಮನ್ ತಾನಾಗಿ ಬಿಟ್ಟುಬಿಡುತ್ತದೆ. ನಿಷೇಧಿತ ಕೋರ್‌ಗಳ ಎನ್ವಿರಾನ್ಮೆಂಟ್ ವೇರಿಯಬಲ್ ಬರೆದಿರೋ, ಆ ತಾನಾಗಿ ಬಿಡುವುದು ನಿಂತುಹೋಗುತ್ತದೆ, ನಿಮ್ಮ ಪಟ್ಟಿಯೇ ಅಂತಿಮ. ಕೋರ್ 2 ಮತ್ತು 3 ಐಸೋಲೇಟ್ ಆಗಿದ್ದು, 6ನ್ನೂ ಸೇರಿಸೋಣ ಎಂದು 6ನ್ನಷ್ಟೇ ಬರೆದರೆ 2 ಮತ್ತು 3ರ ಮೇಲೆ ಇಂಟರಪ್ಟ್ ಬಂದು ಬೀಳತೊಡಗುತ್ತದೆ. ಮೂರನ್ನೂ ಬರೆಯಬೇಕು. ಹಳೆಯ ವೇರಿಯಬಲ್ ಹೆಕ್ಸ್ ಮಾಸ್ಕ್ ಕೇಳುತ್ತದೆ, ಈ ಮೂರಕ್ಕೆ 4ಸಿ. ಹೊಸ ಆವೃತ್ತಿಗಳು 2,3,6 ಎಂಬ ಸರಳ ಪಟ್ಟಿಯನ್ನೂ ಒಪ್ಪುತ್ತವೆ, ಅದನ್ನೇ ಬಳಸಿ. ಮಾಸ್ಕ್ ಲೆಕ್ಕ ತಪ್ಪುವುದು ಬಹಳ ಸುಲಭ. ಇಷ್ಟಾದರೂ ಮ್ಯಾನೇಜ್ಡ್ ಇಂಟರಪ್ಟ್ ಈ ಪಟ್ಟಿಯನ್ನು ಲೆಕ್ಕಿಸುವುದಿಲ್ಲ. ಅದಕ್ಕೆ 5.6 ಕರ್ನಲ್‌ನಿಂದ ಐಸೋಲ್‌ಸಿಪಿಯೂಸ್‌ಗೆ ಮ್ಯಾನೇಜ್ಡ್ ಐಆರ್‌ಕ್ಯೂ ಎಂಬ ಗುರುತು ಸೇರಿಸಬೇಕು.

ಯಾವ ಮಟ್ಟದ ಕ್ಯಾಶ್ ನೋಡಿ ಕೋರ್‌ಗಳನ್ನು ಗುಂಪು ಮಾಡಬೇಕು ಎಂದು ಹೇಳುವ ಡೀಪೆಸ್ಟ್‌ಕ್ಯಾಶ್ ಆಯ್ಕೆಯನ್ನು ಸುಮ್ಮನೆ ಹೆಚ್ಚಿಸಬೇಡಿ. ಪೂರ್ವನಿಗದಿ 2. ಎಲ್ಲ ಕೋರೂ ಒಂದೇ ಎಲ್3 (ಮೂರನೇ ಮಟ್ಟದ ಕ್ಯಾಶ್) ಹಂಚಿಕೊಂಡಿರುವ ಯಂತ್ರದಲ್ಲಿ 3 ಎಂದು ಕೊಟ್ಟರೆ ಹಂಚುವ ಅಗತ್ಯವೇ ಇಲ್ಲ ಎಂದು ಡೀಮನ್ ತಿಳಿಯುತ್ತದೆ.

ಪೂರ್ತಿ ತೆಗೆದುಹಾಕಿ ಕೈಯಾರೆ ಕಟ್ಟುವವರಿಗೆ ಕ್ರಮ ಮುಖ್ಯ. ಮೊದಲು ಸರ್ವಿಸ್ ನಿಲ್ಲಿಸಿ, ಬೂಟ್‌ನಲ್ಲಿ ಏಳದಂತೆ ಡಿಸೇಬಲ್ ಮಾಡಿ. ನೆಟ್‌ವರ್ಕ್ ಕಾರ್ಡ್ ಹೊಂದಿಸುವ ಎತ್‌ಟೂಲ್ ಆಜ್ಞೆಯ ದೊಡ್ಡಕ್ಷರ ಎಲ್ ಆಯ್ಕೆಯಿಂದ ಕ್ಯೂಗಳ ಸಂಖ್ಯೆಯನ್ನು ಹತ್ತಿರದ ನೋಡಿನ ಕೋರ್‌ಗಳಷ್ಟಕ್ಕೆ ಇಳಿಸಿ. ಪಿನ್ ಮಾಡುವುದು ಇದಾದ ಮೇಲೇ. ಕ್ಯೂ ಸಂಖ್ಯೆ ಬದಲಾದರೆ ಡ್ರೈವರ್ ವೆಕ್ಟರ್‌ಗಳನ್ನು ಬಿಟ್ಟು ಮತ್ತೆ ಪಡೆಯಬಹುದು, ಮುಂಚೆ ಕಟ್ಟಿದ್ದು ಹೋಗುತ್ತದೆ. ಕಾರ್ಡಿನ ಇಂಟರಪ್ಟ್ ಸಂಖ್ಯೆಗಳು ಸಿಸ್‌ಎಫ್‌ಎಸ್‌ನಲ್ಲಿ ಆ ಸಾಧನದ ಕೆಳಗೆ ಎಂಎಸ್‌ಐ ಐಆರ್‌ಕ್ಯೂಸ್ ಡೈರೆಕ್ಟರಿಯಲ್ಲಿವೆ. ಒಂದೊಂದಕ್ಕೂ ಎಸ್‌ಎಂಪಿ ಅಫಿನಿಟಿ ಲಿಸ್ಟ್ ಫೈಲಿಗೆ ಒಂದೊಂದು ಕೋರ್ ಸಂಖ್ಯೆ ಬರೆಯಿರಿ.

ಬರೆದ ಮೇಲೆ ಪಕ್ಕದ ಎಫೆಕ್ಟಿವ್ ಅಫಿನಿಟಿ ಫೈಲನ್ನು ಓದಿ ಖಚಿತಪಡಿಸಿಕೊಳ್ಳಿ. ನೀವು ಕೇಳಿದ್ದು ಮೊದಲಿನದರಲ್ಲಿ, ನಿಜವಾಗಿ ಆದದ್ದು ಎರಡನೆಯದರಲ್ಲಿ. ಎಕ್ಸ್86ರಲ್ಲಿ ಇಂಟರಪ್ಟ್ ರೀಮ್ಯಾಪಿಂಗ್ (ಇಂಟರಪ್ಟಿನ ಗುರಿಯನ್ನು ಹಾರ್ಡ್‌ವೇರ್‌ನಲ್ಲೇ ತಿರುಗಿಸುವ ಸೌಲಭ್ಯ) ಇಲ್ಲದಿದ್ದರೆ ಸ್ಥಳಾಂತರ ಆಗುವುದು ಮುಂದಿನ ಇಂಟರಪ್ಟ್ ಬಂದಾಗ. ಸುಮ್ಮನಿರುವ ಕಾರ್ಡಿನಲ್ಲಿ ಹಳೆಯ ಕೋರೇ ಕಾಣುತ್ತಿದ್ದರೆ ಎರಡು ಪ್ಯಾಕೆಟ್ ಕಳಿಸಿ ಮತ್ತೆ ನೋಡಿ. ಜಾಗ ಇಲ್ಲ ಎಂಬ ಎರರ್ ಬಂದರೆ ಅದು ಡಿಸ್ಕಿನ ಜಾಗದ ಮಾತಲ್ಲ. ಎಕ್ಸ್86ರಲ್ಲಿ ಕೋರಿಗೆ 256 ವೆಕ್ಟರ್, ಮೊದಲ 32 ಪ್ರೊಸೆಸರಿನ ಎಕ್ಸೆಪ್ಷನ್‌ಗಳಿಗೆ, ಕೊನೆಯ ಒಂದಷ್ಟು ಕರ್ನಲ್‌ನ ಸ್ವಂತಕ್ಕೆ, ಸಾಧನಗಳಿಗೆ ಉಳಿಯುವುದು ಸುಮಾರು 200. ಆ ಕೋರ್ ತುಂಬಿದೆ ಎಂದರ್ಥ. ಹಲವು ಕಾರ್ಡ್‌ಗಳ ಕ್ಯೂಗಳನ್ನೆಲ್ಲ ಎರಡೇ ಕೋರಿಗೆ ತುರುಕಲು ಹೊರಟಾಗ ಇದು ಎದುರಾಗುತ್ತದೆ.

ಆರ್ಮ್ ಬೋರ್ಡ್‌ಗಳಲ್ಲಿ ಡೀಮನ್‌ನ ಪರವಾಗಿ ಹೇಳಲು ಒಂದು ಮಾತಿದೆ. ಅಲ್ಲಿನ ಇಂಟರಪ್ಟ್ ನಿಯಂತ್ರಕವಾದ ಜಿಐಸಿಯ ಡ್ರೈವರ್, ಬೇರೆ ಸೂಚನೆ ಇಲ್ಲದಿದ್ದರೆ, ಸಾಮಾನ್ಯವಾಗಿ ಮಾಸ್ಕ್‌ನ ಮೊದಲ ಕೋರನ್ನೇ ಆರಿಸುವುದರಿಂದ ಎಲ್ಲವೂ ಕೋರ್ 0ರ ಮೇಲೆ ಬಂದು ಕೂರುತ್ತವೆ. ನಾಲ್ಕು ಕೋರಿನ ಬೋರ್ಡಿನಲ್ಲಿ ಈಥರ್ನೆಟ್, ಯುಎಸ್‌ಬಿ, ಎಸ್‌ಡಿ ಕಾರ್ಡ್ ಮೂರೂ ಒಂದೇ ಕಡೆ. ಅವನ್ನು ಬಿಡಿಸಿದರೆ ಫಲ ಕಣ್ಣಿಗೆ ಕಾಣುತ್ತದೆ. ಆದರೆ ಅದಕ್ಕೆ ಸದಾ ಓಡುವ ಡೀಮನ್ ಬೇಕಿಲ್ಲ. ಒನ್‌ಶಾಟ್ ಆಯ್ಕೆಯಲ್ಲಿ ಒಮ್ಮೆ ಓಡಿಸಿದರೆ ಹಂಚಿ ಹೊರಟುಹೋಗುತ್ತದೆ. ಜಿಪಿಐಒ ಅಥವಾ ಕೆಲವು ಪಿಸಿಐಇ ನಿಯಂತ್ರಕಗಳ ಹಿಂದೆ ಸರಪಳಿಯಲ್ಲಿರುವ ಇಂಟರಪ್ಟ್‌ಗಳನ್ನು ಮಾತ್ರ ಒಂದೊಂದಾಗಿ ಸರಿಸಲಾಗದು. ಅವೆಲ್ಲ ತಮ್ಮ ತಾಯಿ ಇಂಟರಪ್ಟ್ ಇರುವ ಕೋರಿಗೇ ಹೋಗುತ್ತವೆ, ಡೀಮನ್ ಇದ್ದರೂ ಅಷ್ಟೇ.

ಡೀಮನ್ ಸರಿಮಾಡಲಾರದ ಇನ್ನೊಂದು ಸಂಗತಿಯನ್ನೂ ಸೇರಿಸಬೇಕು, ಅದರ ಮೇಲೆ ಸುಮ್ಮನೆ ಆರೋಪ ಬರುತ್ತದೆ. ಕರ್ನಲ್ ಲಾಗ್‌ನಲ್ಲಿ ಈ ಇಂಟರಪ್ಟನ್ನು ಯಾರೂ ವಿಚಾರಿಸಿಕೊಳ್ಳಲಿಲ್ಲ ಎಂಬರ್ಥದ ಸಾಲು ಬಂದು ಆ ಲೈನ್ ಬಂದ್ ಆಗಿದ್ದರೆ, ಕೊನೆಯ 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚಿನವನ್ನು ಯಾವ ಡ್ರೈವರೂ ತನ್ನದೆಂದು ಒಪ್ಪಿಲ್ಲ ಎಂದರ್ಥ. ಹೆಚ್ಚಾಗಿ ಹಂಚಿಕೊಂಡ ಹಳೆಯ ಮಾದರಿಯ ಲೈನಿನಲ್ಲಿ ಇದು ಆಗುತ್ತದೆ. ಅಫಿನಿಟಿ ಬದಲಿಸಿ ಪ್ರಯೋಜನವಿಲ್ಲ, ಡ್ರೈವರ್ ಅಥವಾ ಫರ್ಮ್‌ವೇರ್ ನೋಡಬೇಕು.

ಇಟ್ಟುಕೊಂಡಿರೋ ತೆಗೆದಿರೋ, ಪರೀಕ್ಷೆ ಒಂದೇ. ಕೋರ್‌ಗಳ ಬಳಕೆ ತೋರಿಸುವ ಎಂಪಿಸ್ಟ್ಯಾಟ್ ಆಜ್ಞೆಯಲ್ಲಿ ಪ್ರತಿ ಕೋರಿನ ಸಾಫ್ಟ್ ಕಾಲಮ್ ನೋಡಿ. /ಪ್ರೋಕ್/ನೆಟ್/ಸಾಫ್ಟ್‌ನೆಟ್ ಸ್ಟ್ಯಾಟ್ ಫೈಲಿನಲ್ಲಿ ಕೋರಿಗೊಂದು ಸಾಲು, ಸಂಖ್ಯೆಗಳೆಲ್ಲ ಹೆಕ್ಸ್‌ನಲ್ಲಿ. ಎರಡನೇ ಕಾಲಮ್ ಬಿದ್ದುಹೋದ ಪ್ಯಾಕೆಟ್, ಮೂರನೆಯದು ಒಂದು ಸುತ್ತಿಗೆ ಕೊಟ್ಟ ಬಜೆಟ್ ಮುಗಿದು ಅರ್ಧಕ್ಕೆ ನಿಂತ ಸಲ. ಮೂರನೆಯದು ಒಂದೆರಡು ಕೋರಿನಲ್ಲಷ್ಟೇ ಏರುತ್ತಿದ್ದರೆ ಹಂಚಿಕೆ ಸರಿಯಿಲ್ಲ. ಎಲ್ಲ ಕೋರಿನಲ್ಲೂ ಸಮನಾಗಿ ಏರುತ್ತಿದ್ದರೆ ಹಂಚಿಕೆ ಸರಿಯಾಗಿಯೇ ಇದೆ. ಆಗ 300 ಪ್ಯಾಕೆಟ್ಟಿನ ಪೂರ್ವನಿಗದಿ ಬಜೆಟನ್ನು ಏರಿಸಿ ನೋಡಬೇಕು.