ಬೋ ಟೈ ಆನ್‌ಲೈನ್‌ನಲ್ಲಿ ತರಿಸುವವರು ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಕೈಯಾರೆ ಕಟ್ಟಿಕೊಳ್ಳುವ ಕಪ್ಪು ಬೋ ಟೈ, ಅಪ್ಪಟ ರೇಷ್ಮೆ ಅಂತ ಆನ್‌ಲೈನ್ ಅಂಗಡಿಯವರು ಬರೆದಿದ್ದರು. ದುಡ್ಡು ಪೂರ್ತಿ ಮೊದಲೇ ಕಟ್ಟಿಸಿಕೊಂಡರು. ಬಂದಿದ್ದು ಹೊಲಿದು ಗಟ್ಟಿ ಮಾಡಿದ ರೆಡಿಮೇಡ್ ಗಂಟು. ಬಟ್ಟೆ ಪಾಲಿಯೆಸ್ಟರ್. ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ಡಿನ್ನರ್ ಜಾಕೆಟ್ (ಸಂಜೆಯ ಸಮಾರಂಭಕ್ಕೆ ಹಾಕುವ ಕೋಟು) ಹಾಕುವವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಕೈಯಲ್ಲಿ ಕಟ್ಟಿದ ಗಂಟು ಒಂಚೂರು ಓರೆ ಇರುತ್ತದೆ, ಎರಡು ರೆಕ್ಕೆ ಒಂದೇ ಸಮ ಇರುವುದಿಲ್ಲ. ಅದೇ ಅದರ ಚೆಂದ. ಜಾಕೆಟ್ಟಿನ ಲ್ಯಾಪೆಲ್‌ಗೆ, ಅಂದರೆ ಎದೆಯ ಮೇಲೆ ಮಡಚಿದ ಪಟ್ಟಿಗೆ, ಯಾವ ಬಟ್ಟೆಯೋ ಟೈಗೂ ಅದೇ ಇರಬೇಕು. ನನ್ನದು ರೇಷ್ಮೆ ಸ್ಯಾಟಿನ್ ಲ್ಯಾಪೆಲ್, ಅದಕ್ಕೆ ಹೊಂದಲಿ ಅಂತಲೇ ಕೇಳಿ ಕೇಳಿ ತರಿಸಿದ್ದು.

ಡಬ್ಬಿ ತೆಗೆದಾಗ ಗಂಟು ಹಾಕಿದ ಟೈ ಕಂಡಿತು. ಮುದುಡದಿರಲಿ ಅಂತ ಕಟ್ಟಿ ಕಳಿಸಿದ್ದಾರೆ, ಪಾಪ, ಅಂದುಕೊಂಡೆ. ಬಿಚ್ಚಲು ಒಂದು ತುದಿ ಹಿಡಿದು ಎಳೆದೆ. ಬರಲಿಲ್ಲ. ಮೆಲ್ಲಗೆ ಇನ್ನೊಂದು ತುದಿ ಎಳೆದೆ. ಅದೂ ಬರಲಿಲ್ಲ. ತಿರುಗಿಸಿ ನೋಡಿದರೆ ನಡುವಿನ ಪಟ್ಟಿಯ ಹಿಂದೆ ಬಿಳಿ ದಾರದ ಹೊಲಿಗೆ! ಕಪ್ಪು ಟೈಗೆ ಬಿಳಿ ದಾರ! ಕತ್ತಿನ ಪಟ್ಟಿಯ ಒಳಮಡಿಕೆಯಲ್ಲಿ ಸಣ್ಣ ಚೀಟಿ, 100% ಪಾಲಿಯೆಸ್ಟರ್ ಅಂತ. ಆ ಚೀಟಿ ಓದಿದಾಗ ಮೈಯೆಲ್ಲಾ ಉರಿಯಿತು.

ಕೂಡಲೇ ಫೋಟೋ ತೆಗೆದು ಕಳಿಸಿದೆ. ಬಂದ ಉತ್ತರ ನೋಡಿ: 'ಸರ್, ನಿಮಗೆ ಅನುಕೂಲ ಆಗಲಿ ಅಂತಾನೇ ಕಟ್ಟಿದ್ದು ಕಳಿಸಿದ್ದೇವೆ.' ಅನುಕೂಲ! ರೇಷ್ಮೆ ಎಲ್ಲಿ ಅಂತ ಕೇಳಿದೆ. 'ಸ್ಯಾಟಿನ್ ಅಂದ್ರೆ ರೇಷ್ಮೇನೇ ಸರ್.' ಸ್ಯಾಟಿನ್ ಅನ್ನುವುದು ನೇಯ್ಗೆ, ನೂಲಲ್ಲ. ಪಾಲಿಯೆಸ್ಟರ್‌ನಲ್ಲೂ ಸ್ಯಾಟಿನ್ ನೇಯುತ್ತಾರೆ. ಟೈ ಮಾರುವವನಿಗೆ ಇದು ಗೊತ್ತಿಲ್ವಾ? ಹಾಗಾದರೆ ವಾಪಸ್ ತಗೊಳ್ಳಿ ಅಂದೆ. 'ಕತ್ತಿಗೆ ಹಾಕೋ ವಸ್ತು ಸರ್, ಡಬ್ಬಿ ತೆಗೆದ ಮೇಲೆ ವಾಪಸ್ ಇಲ್ಲ.' ಡಬ್ಬಿ ತೆಗೆಯದೆ ಒಳಗೆ ಏನಿದೆ ಅಂತ ನೋಡುವುದಾದರೂ ಹೇಗೆ? ಅದಕ್ಕೆ ಉತ್ತರವೇ ಇಲ್ಲ.

ಬೇರೆ ತರಿಸಲು ಸಮಯ ಇರಲಿಲ್ಲ. ಅದನ್ನೇ ಹಾಕಿಕೊಂಡು ಸಮಾರಂಭಕ್ಕೆ ಹೋದೆ. ದೀಪದ ಬೆಳಕಿಗೆ ಟೈ ಪ್ಲಾಸ್ಟಿಕ್ ಹಾಗೆ ಮಿರಮಿರ ಹೊಳೆಯುತ್ತಿತ್ತು, ಲ್ಯಾಪೆಲ್ ಬಣ್ಣವೇ ಬೇರೆ ಕಾಣುತ್ತಿತ್ತು. ಯಾರದೋ ಕೈ ಕುಲುಕಲು ಬಗ್ಗಿದಾಗ ಕೊಕ್ಕೆ ಕಳಚಿ ಟೈ ಎದೆಯ ಮೇಲೆ ಜೋತುಬಿತ್ತು. ಎಲ್ಲರ ಎದುರಿಗೆ. ಆ ಅವಮಾನ ಇನ್ನೂ ಹೋಗಿಲ್ಲ.

ರಿವ್ಯೂ ಹಾಕಿದ ಮೇಲೆ ಮಾತ್ರ ಅವರಿಗೆ ನನ್ನ ನೆನಪಾಯಿತು. 'ಅರ್ಧ ದುಡ್ಡು ಕೊಡ್ತೇವೆ ಸರ್, ರಿವ್ಯೂ ತೆಗೆದುಬಿಡಿ' ಅಂತೆ. ತೆಗೆಯಲಿಲ್ಲ.

ನೀವು ತರಿಸುವುದಾದರೆ, ಗಂಟಿಲ್ಲದೆ ಮೇಜಿನ ಮೇಲೆ ಉದ್ದಕ್ಕೆ ಹಾಸಿದ ಟೈನ ಫೋಟೋ ಕೇಳಿ, ಒಳಗಿನ ಚೀಟಿಯದ್ದೂ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ. ಕೊಕ್ಕೆ ಇದ್ದ ಮಾತ್ರಕ್ಕೆ ಮೋಸ ಅಂತಲ್ಲ. ಕೈಯಲ್ಲಿ ಕಟ್ಟುವ ಟೈಗೂ ಕತ್ತಿನ ಅಳತೆ ಹೊಂದಿಸಲು ಕೊಕ್ಕೆ ಇರುತ್ತದೆ. ಗಂಟು ಬಿಚ್ಚುತ್ತದಾ ಅನ್ನುವುದೇ ಮುಖ್ಯ. ರೇಷ್ಮೆ ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ಒಳಗಿನಿಂದ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ನನ್ನದು ಕರಗಿ ಗಟ್ಟಿ ಮಣಿಯಾಯಿತು. ಅದರ ಫೋಟೋವನ್ನೂ ಅವರಿಗೆ ಕಳಿಸಿದ್ದೇನೆ. ನೋಡಿದ್ದಾರೆ, ಉತ್ತರ ಕೊಟ್ಟಿಲ್ಲ.