ಹೆಸರು, ಜೂನ್ 1 ಎರಡೂ ಮ್ಯಾಚ್ ಆದ್ರೂ ಲ್ಯಾಬ್ ರಿಪೋರ್ಟ್ ನಿಮ್ದೇ ಅಂತ ನಂಬ್ಬೇಡಿ

ಮನೇಲಿ ವಯಸ್ಸಾದವರಿದ್ರೆ, ಅದ್ರಲ್ಲೂ ಅವರ ಆಧಾರ್‌ನಲ್ಲಿ ಹುಟ್ಟಿದ ದಿನ 01-06 ಅಂತಿದ್ರೆ ಇದನ್ನ ಓದಿ.

ದಾವಣಗೆರೇಲಿ ಅಪ್ಪಾಜಿಗೆ ಚೆಕಪ್ ಅಂತ ಬೆಳಿಗ್ಗೆ ಏಳೂವರೆಗೆ ಖಾಲಿ ಹೊಟ್ಟೇಲಿ ಬ್ಲಡ್ ಕೊಡಿಸಿ ಬಂದ್ವಿ. ಸಂಜೆ ರಿಪೋರ್ಟ್ ಇಸ್ಕೊಂಡು ನೋಡಿದ್ರೆ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಕೆಲಸ ಮಾಡ್ದಿದ್ರೆ ರಕ್ತದಲ್ಲಿ ಏರೋ ಅಂಶ) 4.8! ಆರು ತಿಂಗಳ ಹಿಂದೆ 1.0 ಇತ್ತು. ಅಮ್ಮ ಅವತ್ತೇ ಸಾರಿಗೆ ಉಪ್ಪು ಹಾಕೋದು ನಿಲ್ಸಿದ್ರು, ನಾನು ರಾತ್ರಿಯೆಲ್ಲಾ ಡಯಾಲಿಸಿಸ್ ಬಗ್ಗೆ ಗೂಗಲ್ ಮಾಡ್ತಾ ಕೂತೆ, ಅಪ್ಪಾಜಿ ಪಾಪ "ನಂಗೇನೂ ಆಗಿಲ್ವಲ್ಲೋ" ಅಂತ ಒಂದೇ ಸಮ ಹೇಳ್ತಿದ್ರು, ಯಾರ್ ಕೇಳ್ಬೇಕು. ಮಾರನೇ ದಿನ ಕಿಡ್ನಿ ಡಾಕ್ಟ್ರ ಹತ್ರ ಟೋಕನ್ ತಗೊಂಡು ಕೂತಿದ್ದಾಗ ಹೊತ್ತು ಹೋಗ್ದೆ ರಿಪೋರ್ಟಿನ ತಲೆಭಾಗ ಓದಿದೆ. ಸ್ಯಾಂಪಲ್ ತಗೊಂಡ ಟೈಮ್ 11:42. ಬರ್ಕೊಟ್ಟ ಡಾಕ್ಟ್ರ ಹೆಸರು ನಾವು ಕೇಳೇ ಇಲ್ಲ.

ಲ್ಯಾಬಿಗೆ ಓಡಿದ್ರೆ ಅಲ್ಲಿನ ಹುಡುಗಿ "ಬಸವರಾಜಪ್ಪ ಕೆ., 01-06-1957, ಎರಡೂ ಮ್ಯಾಚ್ ಆಯ್ತಲ್ಲ ಸಾರ್" ಅಂತಾಳೆ.

ಆಗತ್ತಮ್ಮ, ಆಗ್ದೇ ಏನು. ನಮ್ ಕಡೆ ಬಸ್‌ಸ್ಟ್ಯಾಂಡಲ್ಲಿ ಬಸವರಾಜಪ್ಪ ಅಂತ ಕೂಗಿದ್ರೆ ನಾಲ್ಕು ಜನ ತಿರುಗಿ ನೋಡ್ತಾರೆ. ಇನ್ನು ಡೇಟು. ಬರೀ 23 ಜನ ಸೇರಿದ್ರೆ ಸಾಕು, ಯಾರೋ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರೋ ಚಾನ್ಸ್ ಅರ್ಧಕ್ಕಿಂತ ಜಾಸ್ತಿ, ಯಾಕಂದ್ರೆ 23 ಜನರಲ್ಲಿ 253 ಜೋಡಿ ಆಗ್ತವೆ. ಅದೂ 365 ದಿನಕ್ಕೂ ಜನ ಸಮನಾಗಿ ಹಂಚಿಹೋಗಿದ್ರೆ. ನಮ್ಮ ಹಿರಿಯರು ಎಲ್ಲಿ ಹಂಗಿದಾರೆ? ಸ್ಕೂಲಿಗೆ ಸೇರಿಸುವಾಗ ಯಾರಿಗೂ ಡೇಟ್ ಗೊತ್ತಿರ್ಲಿಲ್ಲ, ಮೇಷ್ಟ್ರು ವಯಸ್ಸು ಸರಿಹೋಗೋ ಹಂಗೆ ಜೂನ್ 1 ಗೀಚಿದ್ರು. ನಮ್ಮನೇಲೇ ಅಪ್ಪಾಜಿ, ದೊಡ್ಡಪ್ಪ, ಸೋದರಮಾವ ಮೂವರದ್ದೂ ಅದೇ, ಪ್ರತಿ ವರ್ಷ ಫ್ಯಾಮಿಲಿ ಗ್ರೂಪಲ್ಲಿ ನಗಾಡ್ತಿದ್ವಿ. ಹಿಂಗೆ ಲೆಕ್ಕ ಹಾಕಿ: ಇಪ್ಪತ್ತು ವರ್ಷದ ಅಂತರದಲ್ಲಿ ಹುಟ್ಟಿದವರಲ್ಲಿ ಪೂರ್ತಿ ಡೇಟ್ ಸೇರೋಕೆ ಸುಮಾರು 7,300ರಲ್ಲಿ ಒಂದು ಚಾನ್ಸ್, ಇಬ್ಬರೂ ಜೂನ್ 1ರ ಗಿರಾಕಿಗಳಾದ್ರೆ ಇಸವಿ ಒಂದೇ ಆದ್ರೆ ಸಾಕು, 20ರಲ್ಲಿ ಒಂದು!

ಅದಕ್ಕೇ ಫಾರಂನಲ್ಲಿ ಬರೀ 'ಕೆ.' ಅಂತ ಬಿಡ್ಬೇಡಿ, ಊರು, ತಂದೆ ಹೆಸರು ಪೂರ್ತಿ ಬರೆಸಿ. ಬಿಲ್ಲಿನ ಮೇಲಿರೋ ಸ್ಯಾಂಪಲ್ ನಂಬರ್ ರಿಪೋರ್ಟಲ್ಲೂ ಅದೇ ಇದೆಯಾ ನೋಡಿ, ಬಿಲ್ ಎಸೀಬೇಡಿ (ನಾನು ಎಸ್ದಿದ್ದೆ). ಟೈಮ್ ನೋಡಿ.

ನಮ್ಮ ಅಸಲಿ ರಿಪೋರ್ಟಲ್ಲಿ 1.1 ಇತ್ತು. ಆದ್ರೆ ಅದನ್ನ ಆ ಇನ್ನೊಬ್ಬ ಬಸವರಾಜಪ್ಪಂಗೆ ಕೊಟ್ಟು ಕಳ್ಸಿದ್ರು, ಕಿಡ್ನಿ ಚೆನ್ನಾಗಿದೆ ಅಂತ ಅವರು ಊರಿಗೆ ಹೋಗಿಬಿಟ್ಟಿದಾರೆ. "ಫೋನ್ ಮಾಡ್ತೀವಿ ಸಾರ್, ನೀವು ಹೊರಡಿ" ಅಂದ್ರು. ನಾನು ಹೊರಡ್ಲಿಲ್ಲ, ಕೌಂಟರ್ ಮುಂದೆನೇ ನಿಂತೆ. ಮೂರನೇ ಸಲಕ್ಕೆ ಅವರ ಮಗ ಫೋನ್ ಎತ್ತಿದ.