ಟೆರೇಸಿನ ತಂತಿಗೆ ಸಿಕ್ಕ ಪಿಸುಮಾತು: ವಿಸ್ಪರ್ ಬಳಸಿ ನೋಡಿದೆ

ಕ್ಷೀಣ ರೇಡಿಯೊ ಸಿಗ್ನಲ್ ಹಿಡಿಯುವ ಡಬ್ಲ್ಯೂಎಸ್‌ಜೆಟಿ-ಎಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ವಿಸ್ಪರ್ (WSPR) ಅಂತ ಒಂದು ಮೋಡ್ ಇದೆ. 2008ರಲ್ಲಿ ಈ ಮೋಡನ್ನು ಮಾಡಿದವರು ನೊಬೆಲ್ ಪಡೆದ ಖಗೋಳ ವಿಜ್ಞಾನಿ ಜೋ ಟೇಲರ್, ಅವರೂ ಒಬ್ಬ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದವರು. ಕಿವಿಗೆ ಕೇಳಿಸದಷ್ಟು ಸಣ್ಣ ಸಿಗ್ನಲ್ಲನ್ನೂ ಗದ್ದಲದಿಂದ ಹೆಕ್ಕಿ, ಯಾರು, ಎಲ್ಲಿಂದ, ಎಷ್ಟು ಪವರ್‌ನಲ್ಲಿ ಕಳಿಸಿದರು ಅಂತ ತೋರಿಸುತ್ತದೆ. ರೇಡಿಯೊ ಅಲೆಗಳನ್ನು ಬಗ್ಗಿಸಿ ದೂರಕ್ಕೆ ಕಳಿಸುವ, ವಾತಾವರಣದ ಮೇಲಿನ ಪದರವಾದ ಅಯಾನುಗೋಳ ಇವತ್ತು ಹೇಗಿದೆ ಅಂತ ತಿಳಿಯಲು ಇಷ್ಟು ಅಗ್ಗದ ದಾರಿ ನನಗಂತೂ ಬೇರೆ ಸಿಕ್ಕಿಲ್ಲ.

ನನ್ನದು ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ರಿಸೀವರ್), ಬೆಂಗಳೂರಿನ ಟೆರೇಸಿನ ಮೇಲೆ ಒಂದು ತಂತಿ, ಅಷ್ಟೇ. ಬರೀ ಕೇಳುವುದು, ಕಳಿಸುವುದಿಲ್ಲ. ಕಳಿಸಬೇಕಾದರೆ ಹ್ಯಾಮ್ ಲೈಸೆನ್ಸ್ ಬೇಕು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಪರದೆ ಖಾಲಿ. ತಂತಿ ಕಿತ್ತುಬಂತೇನೋ ಅಂತ ಬಿಸಿಲಲ್ಲಿ ಮೇಲೆ ಹತ್ತಿ ನೋಡಿದೆ, ಎಲ್ಲ ಸರಿಯಾಗೇ ಇತ್ತು. ಆಮೇಲೆ ಗೊತ್ತಾಯಿತು, ಸೂರ್ಯನಲ್ಲಿ ಜ್ವಾಲೆ ಎದ್ದಿತ್ತು, ಅದರ ಎಕ್ಸ್-ಕಿರಣಗಳು ಎಂಟೇ ನಿಮಿಷದಲ್ಲಿ ಇಲ್ಲಿಗೆ ಬಂದು ಅಯಾನುಗೋಳದ ಕೆಳಗಿನ ಡಿ ಪದರವನ್ನು ದಟ್ಟ ಮಾಡಿದ್ದವು, ಆ ಪದರವೇ ನನ್ನ ಸಿಗ್ನಲ್ಲುಗಳನ್ನು ನುಂಗಿತ್ತು! ಸುಮ್ನೆ ಹತ್ತಿದ್ದಕ್ಕೆ ಬೇಜಾರಾಗಲಿಲ್ಲ.

ತೊಂದರೆ ಇಲ್ಲವೇ? ಇದೆ. ಕಂಪ್ಯೂಟರ್ ಗಡಿಯಾರ ಕೆಲವೇ ಸೆಕೆಂಡು ತಪ್ಪಿದರೂ ಏನೂ ಬರುವುದಿಲ್ಲ, ಯಾಕಂದರೆ ಪ್ರತಿ ಸಂದೇಶವೂ ಸಮ ನಿಮಿಷಕ್ಕೇ ಶುರುವಾಗಿ ಸುಮಾರು 111 ಸೆಕೆಂಡು ನಡೆಯುತ್ತದೆ. ಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರ್ ಗದ್ದಲ ಇನ್ನೂ ಜಾಸ್ತಿ ಕಾಟ. 

ಇಂಟರ್ನೆಟ್ ಇದ್ದು ಅಪ್‌ಲೋಡ್ ಆಯ್ಕೆ ಹಾಕಿದ್ದರೆ ಕೇಳಿದ್ದೆಲ್ಲ ವಿಸ್ಪರ್‌ನೆಟ್‌ಗೆ (ಎಲ್ಲರ ವರದಿಗಳೂ ಸೇರುವ ಜಾಲತಾಣಕ್ಕೆ) ತಾನೇ ಹೋಗುತ್ತದೆ. ಆಯಸ್ಕಾಂತೀಯ ಸಮಭಾಜಕದ (ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ರೇಖೆಯ) ಹತ್ತಿರ ಅಯಾನುಗೋಳದ ವರ್ತನೆಯೇ ಬೇರೆ, ಅದಕ್ಕೆ ಹತ್ತಿರ ಇರುವ ನಮ್ಮ ಕಡೆಯಿಂದ ಇನ್ನಷ್ಟು ಜನ ಕೇಳಿದರೆ ಚೆನ್ನ, ಅಲ್ವಾ? ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿಮೆ ಮಾಡಿದ್ದು ಆ ಗಡಿಯಾರದ ಕಿರಿಕಿರಿಗೆ.